ನಿನ್ನ ಗಂಟೆಗೆ ಎಷ್ಟು ರೇಟು?

ಐಟಿಯವರ ನಡುವೆ ನಿಂತು "ಮನೇಲಿ ಒಂದು ಮೆಷಿನ್ ಮಾಡ್ದೆ" ಅಂತ ಹೇಳಿ ನೋಡಿ. ಐದು ನಿಮಿಷದೊಳಗೆ ಒಬ್ಬ ಕೇಳೇ ಕೇಳ್ತಾನೆ: "ಗುರೂ, ಅದಕ್ಕೆ ಹಾಕಿದ ಟೈಮ್ ಲೆಕ್ಕ ಹಾಕಿದ್ಯಾ? ನಿನ್ನ ಗಂಟೆಗೆ ಎಷ್ಟು ರೇಟು?" ಆಮೇಲೆ ಅವನೇ ನನ್ನ ಪ್ಯಾಕೇಜನ್ನು ಎರಡು ಸಾವಿರ ಚಿಲ್ಲರೆ ಗಂಟೆಗಳಿಂದ ಭಾಗಿಸಿ, ಮೂರು ಶನಿವಾರದ ಹದಿನೈದು ಗಂಟೆಯಿಂದ ಗುಣಿಸಿ, ಒಂದು ಮೊತ್ತ ತೆಗೆದು ಮುಂದಿಡ್ತಾನೆ. "ಇಷ್ಟು ದುಡ್ಡಿಗೆ ಹತ್ತು ಮೆಷಿನ್ ಆರ್ಡರ್ ಮಾಡಬಹುದಿತ್ತು" ಅಂತ ತೀರ್ಪು.

ಲೆಕ್ಕ ಸರಿಯಾಗೇ ಇದೆ. ಆದರೆ ಈ ರೇಟು ಯಾವಾಗ ಅನ್ವಯ ಆಗುತ್ತೆ, ಯಾವಾಗ ಆಗಲ್ಲ ಅನ್ನೋದನ್ನ ಗಮನಿಸಿ. ಔಟರ್ ರಿಂಗ್ ರೋಡಿನಲ್ಲಿ ದಿನಾ ಎರಡು ಗಂಟೆ ಸುಡ್ತೀವಲ್ಲ, ಅದಕ್ಕೆ ಯಾರೂ ರೇಟು ಹಾಕಲ್ಲ. ಮಾಲ್‌ನಲ್ಲಿ ಪಾರ್ಕಿಂಗ್ ಹುಡುಕುವಾಗ ಹಾಕಲ್ಲ. ಒಂದು ಬಟನ್ ಬಣ್ಣದ ಬಗ್ಗೆ ಎಂಟು ಜನ ಕೂತು ಮೀಟಿಂಗ್ ಮಾಡುವಾಗ ಅಂತೂ ಹಾಕೋದೇ ಇಲ್ಲ. ಕೈಗೆ ಸುತ್ತಿಗೆ ತಗೊಂಡಾಗ ಮಾತ್ರ ನಾವೆಲ್ಲ ಚಾರ್ಟರ್ಡ್ ಅಕೌಂಟೆಂಟ್ ಆಗಿಬಿಡ್ತೀವಿ. ನನ್ನ ಜಗಳ ಇರೋದು ಈ ಲೆಕ್ಕದ ಜೊತೆಗೆ.

ನಾನು ಮಾಡಿದ್ದು ಸ್ಪಾಟ್ ವೆಲ್ಡರ್. ಗುಜರಿಗೆ ಬಿದ್ದ ಮೈಕ್ರೋವೇವ್ ಓವನ್‌ನ ಟ್ರಾನ್ಸ್‌ಫಾರ್ಮರ್, ಒಂದೂವರೆ ಮೀಟರ್ ದಪ್ಪ ವೆಲ್ಡಿಂಗ್ ಕೇಬಲ್, ಎರಡು ತಾಮ್ರದ ಕಡ್ಡಿ, ಒಂದು ಟೈಮರ್. ಇದರಿಂದ ಬ್ಯಾಟರಿ ಸೆಲ್‌ಗಳಿಗೆ ನಿಕ್ಕಲ್ ಪಟ್ಟಿ ಬೆಸೆಯಬಹುದು. ಇಷ್ಟಕ್ಕೆ ಯಾಕೆ ಲೇಖನ ಅಂತ ಕೇಳಬೇಡಿ. ಇವತ್ತು ನಿಮ್ಮ ಮನೆಯಲ್ಲಿರುವ ಅರ್ಧ ಸಾಮಾನು ರಿಪೇರಿ ಆಗುತ್ತೋ ಕಸಕ್ಕೆ ಹೋಗುತ್ತೋ ಅನ್ನೋದು ಈ ಒಂದು ಬೆಸುಗೆಯ ಮೇಲೆ ನಿಂತಿದೆ.

ಲ್ಯಾಪ್‌ಟಾಪಿನ ಹಳೇ ಬ್ಯಾಟರಿ, ಡ್ರಿಲ್ಲಿಂಗ್ ಮೆಷಿನ್, ಕೈಯಲ್ಲಿ ಹಿಡಿಯೋ ವ್ಯಾಕ್ಯೂಮ್ ಕ್ಲೀನರ್, ಎಲೆಕ್ಟ್ರಿಕ್ ಸೈಕಲ್ಲು, ಹಲವು ಸ್ಕೂಟರ್‌ಗಳು. ಇವುಗಳ ಹೊಟ್ಟೆಯಲ್ಲಿ ಇರೋದು ಬೆರಳು ಗಾತ್ರದ ಸೆಲ್ಲುಗಳು. ಅವುಗಳಲ್ಲಿ ತುಂಬ ಬಳಕೆಯಲ್ಲಿರುವುದು 18650: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. ಟಾರ್ಚಿಗೆ ಶೆಲ್ ಹಾಕಿದ ಹಾಗೆ ಇವನ್ನ ಸ್ಪ್ರಿಂಗ್ ಡಬ್ಬಿಗೆ ತುಂಬಲ್ಲ. ಅಲುಗಾಟಕ್ಕೆ ಸಂಪರ್ಕ ಸಡಿಲ ಆಗುತ್ತೆ, ಬಿಸಿ ಆಗುತ್ತೆ. ಹಾಗಾಗಿ ನಿಕ್ಕಲ್ ಪಟ್ಟಿ ಇಟ್ಟು ಬೆಸೆದುಬಿಡ್ತಾರೆ. ಇದರಲ್ಲಿ ಮೋಸ ಏನಿಲ್ಲ, ಎಂಜಿನಿಯರಿಂಗ್ ದೃಷ್ಟಿಯಿಂದ ಅದೇ ಸರಿ. ತಕರಾರು ಶುರುವಾಗೋದು ಆಮೇಲೆ. ಪ್ಯಾಕಿನ ಒಂದು ಸಾಲು ಸತ್ತರೆ ಒಳಗಿನ ರಕ್ಷಣಾ ಬೋರ್ಡು ಇಡೀ ಪ್ಯಾಕನ್ನೇ ಬಂದ್ ಮಾಡುತ್ತೆ. ಅಂಗಡಿಯವನ ಹತ್ತಿರ ಬೆಸೆಯೋ ಸಾಧನ ಇರಲ್ಲ, ಹಾಗಾಗಿ ಅವನು ಬಿಚ್ಚೋದೇ ಇಲ್ಲ. ಸೋಲ್ಡರ್ ಮಾಡೋಣ ಅಂದ್ರೆ ಹತ್ತು ಸೆಕೆಂಡು ಕಾವು ಕೊಟ್ಟರೆ ಸೆಲ್ಲಿನ ಒಳಗಿನ ಪದರಗಳಿಗೇ ಪೆಟ್ಟು. ಕೊನೆಗೆ ಅವನ ಬಾಯಲ್ಲಿ ಬರೋದು ಒಂದೇ ಮಾತು: "ಪ್ಯಾಕ್ ಪೂರ್ತಿ ಚೇಂಜ್ ಮಾಡ್ಬೇಕು ಸಾರ್."

ನಮ್ಮ ಹಾಸನದ ಕಡೆ ಶುಂಠಿ, ಆಲೂಗಡ್ಡೆ ಬೆಳೆಯುವವರ ಮನೆಯಲ್ಲಿ ಬೆನ್ನಿಗೆ ಹಾಕಿಕೊಳ್ಳೋ ಬ್ಯಾಟರಿ ಸ್ಪ್ರೇಯರ್ ಇದ್ದೇ ಇರುತ್ತೆ. ಹದಿನಾರು ಲೀಟರ್ ಟ್ಯಾಂಕು, ಕೆಳಗೆ 12 ವೋಲ್ಟ್ ಬ್ಯಾಟರಿ. ಮೊದಲು ಲೆಡ್-ಆಸಿಡ್ ಬರ್ತಿತ್ತು, ಎರಡು ಕೆ.ಜಿ. ಮೇಲೆ ತೂಕ. ಸೀಸನ್ ಮುಗಿದ ಮೇಲೆ ಚಾರ್ಜ್ ಹಾಕದೆ ಅಟ್ಟದ ಮೇಲಿಟ್ಟರೆ ಮುಂದಿನ ವರ್ಷಕ್ಕೆ ಅದು ಕಲ್ಲು. ಈಗಿನ ಹೊಸ ಮಾಡೆಲ್‌ಗಳಲ್ಲಿ ಲಿಥಿಯಂ ಪ್ಯಾಕು ಬರ್ತಿದೆ, ಹಗುರ, ಬಾಳಿಕೆಯೂ ಜಾಸ್ತಿ. ಆದರೆ ಕೆಟ್ಟರೆ ಊರಲ್ಲಿ ಮುಟ್ಟೋರಿಲ್ಲ. ಚಿಕ್ಕಪ್ಪನ ಮಗ ಫೋನ್ ಮಾಡಿ ಹೇಳಿದ್ದು ಇಷ್ಟು: "ಅಂಗಡಿಯೋರು ಹೊಸದೇ ತಗಳಿ ಅಂತವ್ರೆ ಕಣಣ್ಣ. ಮಳೆ ಬಿಟ್ಟೈತೆ, ನಾಳೆ ಔಷಧಿ ಹೊಡೀಲಿಲ್ಲ ಅಂದ್ರೆ ಗೆಡ್ಡೆ ಕೊಳೀತದೆ." ಶುಂಠಿ ಕೊಳೆ ರೋಗ ಕಂಡವರಿಗೆ ಆ "ನಾಳೆ" ಅನ್ನೋ ಪದದ ತೂಕ ಗೊತ್ತಿರುತ್ತೆ. ನಿಮ್ಮ ಗಂಟೆಯ ರೇಟನ್ನ ಈಗ ಇಲ್ಲಿ ಗುಣಿಸಿ ನೋಡೋಣ.

ವಿಷಯಕ್ಕೆ ಬರ್ತೀನಿ. ಈ ಬೆಸುಗೆಯ ಹಿಂದಿರೋ ವಿದ್ಯೆ ಪಿಯುಸಿಯಲ್ಲಿ ನಾವೆಲ್ಲ ಉರು ಹೊಡೆದಿದ್ದೇ: ಐ ಸ್ಕ್ವೇರ್ ಆರ್ ಟಿ. ಕರೆಂಟು ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟು. ಎರಡು ಲೋಹದ ಹಾಳೆ ಒತ್ತಿ ಹಿಡಿದು ನೂರಾರು ಆಂಪಿಯರ್ ಹರಿಸಿದರೆ, ಅವು ಒಂದನ್ನೊಂದು ಮುಟ್ಟುವ ಜಾಗದಲ್ಲಿ ತಡೆ ಹೆಚ್ಚಿರೋದರಿಂದ ಕಾವು ಅಲ್ಲೇ ಹುಟ್ಟುತ್ತೆ. ಕಣ್ಣು ಮಿಟುಕಿಸೋದರೊಳಗೆ ಅಲ್ಲಷ್ಟೇ ಕರಗಿ, ಅಲ್ಲೇ ತಣಿದು, ಒಂದಾಗುತ್ತೆ. ಪಕ್ಕದ ಜಾಗ ಬೆರಳಿಟ್ಟರೆ ಬೆಚ್ಚಗೂ ಇರಲ್ಲ. ಇದನ್ನ ಕಂಡುಹಿಡಿದಿದ್ದು ಎಲಿಹು ಥಾಮ್ಸನ್. ಪೇಟೆಂಟ್ ಸಿಕ್ಕಿದ್ದು 1886ರಲ್ಲಿ. ಮುಂದೆ ಆತನ ಕಂಪನಿ ಎಡಿಸನ್ ಕಂಪನಿ ಜೊತೆ ಸೇರಿ 1892ರಲ್ಲಿ ಜನರಲ್ ಎಲೆಕ್ಟ್ರಿಕ್ ಆಯ್ತು, ಅದು ಬೇರೆ ಕಥೆ. ನನಗೆ ಇಷ್ಟ ಆಗೋ ಸಂಗತಿ ಅಂದ್ರೆ, ಆತ ಫಿಲಡೆಲ್ಫಿಯಾದ ಒಂದು ಹೈಸ್ಕೂಲಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರಾಗಿದ್ದವನು. ವಿದ್ಯುತ್ತಿನ ಬಗ್ಗೆ ಉಪನ್ಯಾಸ ಕೊಡ್ತಾ ಪ್ರಯೋಗ ತೋರಿಸುವಾಗ ಎರಡು ತಂತಿ ಅಂಟಿಕೊಂಡಿದ್ದು ನೋಡಿ ಅವನಿಗೆ ಈ ಯೋಚನೆ ಹೊಳೀತು. ಇವತ್ತು ಕಾರಿನ ಬಾಡಿಯಲ್ಲಿ ಸಾವಿರಾರು ಚುಕ್ಕಿ ಬೆಸುಗೆ ಇರುತ್ತೆ. ಮೂಲ ಮಾತ್ರ ಮೇಷ್ಟ್ರ ಮೇಜಿನದ್ದೇ.

ಮೈಕ್ರೋವೇವ್ ಟ್ರಾನ್ಸ್‌ಫಾರ್ಮರ್ ಯಾಕೆ ಅಂದ್ರೆ, ಗುಜರಿಯಲ್ಲಿ ಕಡಿಮೆ ದುಡ್ಡಿಗೆ ಸಿಗುವ, ಸಾವಿರ ವ್ಯಾಟ್ ಆಸುಪಾಸು ತಾಕತ್ತಿರುವ ಕಬ್ಬಿಣದ ಗಟ್ಟಿ ಅಂದ್ರೆ ಅದೇ. ಅದರ ಪ್ರೈಮರಿ ಸುತ್ತಿಗೆ 230 ವೋಲ್ಟ್ ಕೊಟ್ಟರೆ, ಒಂದು ಸುತ್ತಿಗೆ ಹೆಚ್ಚುಕಮ್ಮಿ ಒಂದು ವೋಲ್ಟ್ ಲೆಕ್ಕ. ಕೂದಲಿನಂಥ ತಂತಿಯ ಸಾವಿರಾರು ಸುತ್ತಿನ ಸೆಕೆಂಡರಿಯನ್ನ ಹ್ಯಾಕ್ಸಾದಲ್ಲಿ ಕುಯ್ದು, ಉಳಿ ಇಟ್ಟು ಹೊಡೆದು ಪೂರ್ತಿ ಹೊರಗೆ ತೆಗೀಬೇಕು. ಎರಡೂ ಸುತ್ತುಗಳ ಮಧ್ಯೆ ಸಿಕ್ಕಿಸಿರೋ ಸಣ್ಣ ಕಬ್ಬಿಣದ ತುಂಡುಗಳನ್ನೂ ತೆಗೀಬೇಕು. ಅವು ಕರೆಂಟನ್ನ ಮಿತಿಯಲ್ಲಿಡೋಕೆ ಇರೋದು, ನಮಗೆ ಬೇಕಿರೋದು ಅದರ ಉಲ್ಟಾ. ಖಾಲಿಯಾದ ಜಾಗದಲ್ಲಿ ಹೆಬ್ಬೆರಳು ದಪ್ಪದ ಕೇಬಲ್ ಎರಡೇ ಸುತ್ತು. ಎರಡು ವೋಲ್ಟ್, ನೂರಾರು ಆಂಪಿಯರ್. ಎರಡು ಸಾವಿರ ವೋಲ್ಟ್ ಉಗುಳ್ತಿದ್ದ ಪ್ರಾಣಿ ಈಗ ಕೈಯಲ್ಲಿ ಹಿಡಿದರೂ ಶಾಕ್ ಹೊಡೆಯದ, ಆದರೆ ಉಕ್ಕನ್ನ ಕರಗಿಸೋ ಪ್ರಾಣಿ.

ಇಲ್ಲಿ ನನ್ನ ಜೊತೆ ಜಗಳ ಆಡೋ ಇನ್ನೊಂದು ಗುಂಪಿದೆ. "ಇದೆಲ್ಲ ಡೇಂಜರ್, ಜನರಿಗೆ ಹೇಳಿಕೊಡಬಾರದು" ಅನ್ನೋರು. ರೇಟು ಕೇಳೋರಿಗಿಂತ ಇವರ ಮೇಲೆ ನನಗೆ ಗೌರವ ಜಾಸ್ತಿ, ಯಾಕಂದ್ರೆ ಇವರು ಹೇಳೋದರಲ್ಲಿ ಹೆಣಗಳ ಲೆಕ್ಕ ಇದೆ. ಇದೇ ಟ್ರಾನ್ಸ್‌ಫಾರ್ಮರನ್ನ ಸೆಕೆಂಡರಿ ತೆಗೆಯದೆ, ಹಾಗೇ ಪ್ಲಗ್ಗಿಗೆ ಹಾಕಿ ಮರದ ಹಲಗೆ ಮೇಲೆ ಮಿಂಚಿನ ಚಿತ್ತಾರ ಸುಡೋ ಹುಚ್ಚು ಅಮೆರಿಕದಲ್ಲಿ ಹಬ್ಬಿತ್ತು. ಎಷ್ಟೋ ಜನ ಸತ್ತರು. ಅಲ್ಲಿನ ಮರಗೆಲಸದವರ ಸಂಘ, ಅಮೆರಿಕನ್ ಅಸೋಸಿಯೇಷನ್ ಆಫ್ ವುಡ್‌ಟರ್ನರ್ಸ್, ತನ್ನ ಕಾರ್ಯಕ್ರಮಗಳಲ್ಲಿ ಅದನ್ನ ನಿಷೇಧಿಸಿದೆ. ಎರಡು ಸಾವಿರ ವೋಲ್ಟ್, ಹಿಂದೆ ಸಾವಿರ ವ್ಯಾಟ್ ತಾಕತ್ತು: ಎರಡನೇ ಚಾನ್ಸ್ ಅನ್ನೋದಿಲ್ಲ. ಮನೆಯ ಆರ್‌ಸಿಸಿಬಿ ಟ್ರಿಪ್ ಆಗುತ್ತೆ ಅಂತ ನಂಬಿ ಕೂತರೂ ಪ್ರಯೋಜನ ಇಲ್ಲ, ಟ್ರಾನ್ಸ್‌ಫಾರ್ಮರ್ ಆಚೆ ನಡೆಯೋದು ಅದಕ್ಕೆ ಕಾಣೋದೇ ಇಲ್ಲ.

ಆದರೆ ಅವರ ಪರಿಹಾರವನ್ನ ಒಪ್ಪಲ್ಲ. ಹೇಳಿಕೊಡದೆ ಇರೋದರಿಂದ ಜನ ಮಾಡೋದು ನಿಲ್ಲಿಸಲ್ಲ. ಹಿನ್ನೆಲೆಗೆ ಡಬ್‌ಸ್ಟೆಪ್ ಹಾಕಿ, ಹವಾಯಿ ಚಪ್ಪಲಿ ಮೆಟ್ಟಿ, ಎಂಟು ನಿಮಿಷದಲ್ಲಿ ಮುಗಿಸೋ ವೀಡಿಯೋ ನೋಡ್ಕೊಂಡು ಮಾಡ್ತಾರೆ. ಆ ವೀಡಿಯೋದಲ್ಲಿ ಕೆಪಾಸಿಟರ್ ಬಗ್ಗೆ ಮಾತೇ ಇರಲ್ಲ. ಓವನ್ನಿನ ಪ್ಲಗ್ ಕಿತ್ತ ಮೇಲೂ ಅದರಲ್ಲಿ ಚಾರ್ಜ್ ಉಳಿದಿರಬಹುದು. ಖಾಲಿ ಮಾಡೋಕೆ ಒಳಗೊಂದು ರೆಸಿಸ್ಟರ್ ಇರುತ್ತೆ ನಿಜ, ಅದು ಸುಟ್ಟುಹೋಗಿದ್ದರೆ ನಿಮಗೆ ಹೇಗೆ ಗೊತ್ತಾಗಬೇಕು? ಬಿಚ್ಚುವ ಮೊದಲು ಅದನ್ನ ಡಿಸ್ಚಾರ್ಜ್ ಮಾಡಬೇಕು, ಅದೂ ಹೇಗೆ ಅಂತ ಗೊತ್ತಿರೋರ ಪಕ್ಕ ನಿಂತು ಮೊದಲ ಸಲ ಕಲೀಬೇಕು. ಮ್ಯಾಗ್ನೆಟ್ರಾನಿನ ಪಿಂಗಾಣಿ ಭಾಗ ಒಡೀಬಾರದು, ಕೆಲವು ಮಾದರಿಗಳಲ್ಲಿ ಅದರ ಪುಡಿ ಶ್ವಾಸಕೋಶಕ್ಕೆ ವಿಷ. ಎಲ್ಲಕ್ಕಿಂತ ಮುಖ್ಯವಾದದ್ದು: ಸೆಕೆಂಡರಿ ಪೂರ್ತಿ ಹೊರಗೆ ಬರೋವರೆಗೆ ಆ ಟ್ರಾನ್ಸ್‌ಫಾರ್ಮರಿಗೆ ಕರೆಂಟು ಕೊಡಲೇಬಾರದು. "ಕೆಲಸ ಮಾಡುತ್ತಾ ಅಂತ ಒಂದ್ಸಲ ಚೆಕ್" ಅಂತಲೂ ಇಲ್ಲ. ಕುಯ್ಯುವಾಗ ಪ್ರೈಮರಿಗೆ ಗೀರು ಬಿದ್ದರೆ ಅದನ್ನ ಗುಜರಿಗೇ ವಾಪಸ್ ಕೊಡಿ. ಕಬ್ಬಿಣದ ಗಟ್ಟಿಗೆ ಅರ್ಥಿಂಗ್ ಕಡ್ಡಾಯ. 230 ವೋಲ್ಟ್ ಇನ್ನೂ ಒಂದು ಬದಿ ಇದೆ ಅನ್ನೋದನ್ನ ಮರೀಬಾರದು. ಕಣ್ಣಿಗೆ ಕನ್ನಡಕ, ಪಕ್ಕದಲ್ಲಿ ಮರಳಿನ ಬಕೆಟ್ಟು. ಇಷ್ಟು ಓದಿ ಯಾರಿಗಾದರೂ "ನನಗೆ ಬೇಡ" ಅನ್ನಿಸಿದರೆ ಅದು ಒಳ್ಳೆ ನಿರ್ಧಾರ, ನಾಚಿಕೆ ಪಡಬೇಕಾಗಿಲ್ಲ.

ಇನ್ನು ಸೆಲ್ಲಿನ ಕಡೆಯದ್ದು. 18650ಯ ಇಡೀ ಮೈ ನೆಗೆಟಿವ್, ಪಾಸಿಟಿವ್ ತಲೆಯ ಸುತ್ತ ಇರೋ ಅಂಚು ಕೂಡ. ಅಲ್ಲಿ ಕಾಗದದ ಉಂಗುರ ಇಡದೆ ಪಟ್ಟಿ ಬೆಸೆದರೆ, ಒಂದು ದಿನ ಪ್ಲಾಸ್ಟಿಕ್ ಹೊದಿಕೆ ಸವೆದು ಶಾರ್ಟ್ ಆಗುತ್ತೆ. ಪ್ಯಾಕಿಗೆ ರಕ್ಷಣಾ ಬೋರ್ಡು ಇಲ್ಲದೆ ಚಾರ್ಜ್ ಹಾಕಬಾರದು. ಹಳೇ ಲೆಡ್-ಆಸಿಡ್ ಚಾರ್ಜರನ್ನ ಲಿಥಿಯಂ ಪ್ಯಾಕಿಗೆ ಸಿಕ್ಕಿಸಬಾರದು. ಮೂರು ಸಾಲಿನ ಪ್ಯಾಕಿಗೆ 12.6 ವೋಲ್ಟೇ ಮಿತಿ, ಲೆಡ್-ಆಸಿಡ್ ಚಾರ್ಜರ್ 14ರ ಹತ್ತಿರ ಹೋಗುತ್ತೆ. ಬತ್ತಿಹೋಗಿ ಎರಡು ವೋಲ್ಟಿಗಿಂತ ಕೆಳಗೆ ಇಳಿದ ಸೆಲ್ಲನ್ನ ಬದುಕಿಸೋ ಸಾಹಸ ಬೇಡ. ನಿಕ್ಕಲ್ ಪಟ್ಟಿ ಅಂತ ಮಾರೋದರಲ್ಲಿ ಎಷ್ಟೋ ನಿಕ್ಕಲ್ ಲೇಪನದ ಕಬ್ಬಿಣ. ಗೀರಿ ಉಪ್ಪುನೀರಲ್ಲಿ ಹಾಕಿಡಿ, ತುಕ್ಕು ಬಂದರೆ ಗೊತ್ತಾಗುತ್ತೆ ಅಂಗಡಿಯವನ ಬಣ್ಣ.

ಈಗ ಮೂರನೇ ಗುಂಪು. ಇವರು ಬೆನ್ನು ತಟ್ಟೋರು. "ಸೂಪರ್ ಮಗಾ, ಜುಗಾಡ್!" ಅಂತ ಲಿಂಕ್ಡ್‌ಇನ್‌ನಲ್ಲಿ ಶೇರ್ ಮಾಡೋರು. 2012ರಲ್ಲಿ 'ಜುಗಾಡ್ ಇನ್ನೋವೇಶನ್' ಅಂತ ಪುಸ್ತಕ ಬಂದಾಗಿನಿಂದ ಈ ಪದಕ್ಕೆ ಮ್ಯಾನೇಜ್‌ಮೆಂಟ್ ಮಂದಿಯ ಮಧ್ಯೆ ಕೋಟು ಟೈ ಸಿಕ್ಕಿದೆ. ನನಗೆ ಈ ಹೊಗಳಿಕೆ ಬೈಗುಳಕ್ಕಿಂತ ಕಡೆ. ಬ್ಯಾಟರಿ ತಂತಿ ತಿರುಚಿ ಇನ್ಸುಲೇಷನ್ ಟೇಪು ಸುತ್ತಿ "ಸದ್ಯಕ್ಕೆ ಓಡುತ್ತೆ ಬಿಡು" ಅನ್ನೋದಿದೆಯಲ್ಲ, ಅದು ಜುಗಾಡ್. ಕರೆಂಟು, ಕಾಲ, ಒತ್ತಡ ಮೂರನ್ನೂ ಲೆಕ್ಕ ಹಾಕಿ, ಇಪ್ಪತ್ತು ಚುಕ್ಕಿ ಬೆಸೆದು, ಇಕ್ಕಳದಲ್ಲಿ ಪಟ್ಟಿ ಕಿತ್ತು, ಬೆಸುಗೆ ಬಿಡುವ ಬದಲು ಪಟ್ಟಿಯೇ ಹರಿದು ತೂತಾಗುತ್ತಾ ಅಂತ ನೋಡೋದು ಜುಗಾಡ್ ಅಲ್ಲ. ಅದಕ್ಕೆ ಟೆಸ್ಟಿಂಗ್ ಅಂತಾರೆ. ಜರ್ಮನಿಯವನು ಗ್ಯಾರೇಜಿನಲ್ಲಿ ಮಾಡಿದರೆ ಪ್ರೋಟೋಟೈಪು, ಅರಕಲಗೂಡಿನವನು ಕೊಟ್ಟಿಗೆಯಲ್ಲಿ ಮಾಡಿದರೆ ಜುಗಾಡಾ?

ಟೈಮರಿನ ಒಂದು ಉದಾಹರಣೆ ಹೇಳ್ತೀನಿ, ಕೋಡ್ ಬರೆಯೋರಿಗೆ ಖುಷಿ ಆಗಬಹುದು. ನಮ್ಮ ಕರೆಂಟು 50 ಹರ್ಟ್ಸ್, ಅಂದ್ರೆ ಒಂದು ಸುತ್ತಿಗೆ 20 ಮಿಲಿಸೆಕೆಂಡು. ತೆಳು ಪಟ್ಟಿಗೆ ಒಂದೆರಡು ಸುತ್ತು ಸಾಕು. ಬೆರಳಲ್ಲಿ ಸ್ವಿಚ್ ಒತ್ತಿ ಇದನ್ನ ಮಾಡೋಕಾಗಲ್ಲ. ಸಣ್ಣ ಆರ್ಡುಯಿನೋ, ಒಂದು ಸಾಲಿಡ್ ಸ್ಟೇಟ್ ರಿಲೇ ಬೇಕು. ಎಲ್ಲರೂ "ವೋಲ್ಟೇಜ್ ಸೊನ್ನೆ ದಾಟುವಾಗ ಆನ್ ಆಗೋ ರಿಲೇ ತಗೋ, ಅದು ಸೇಫ್" ಅಂತಾರೆ. ಬಲ್ಬಿಗೆ, ಹೀಟರಿಗೆ ಅದು ಸರಿ. ಟ್ರಾನ್ಸ್‌ಫಾರ್ಮರಿಗೆ ಅದೇ ಅತಿ ಕೆಟ್ಟ ಗಳಿಗೆ! ಸೊನ್ನೆಯಲ್ಲಿ ಶುರು ಮಾಡಿದರೆ ಮೊದಲ ಅರ್ಧ ಸುತ್ತಲ್ಲಿ ಕಬ್ಬಿಣದೊಳಗಿನ ಕಾಂತಕ್ಷೇತ್ರ ಎರಡರಷ್ಟು ಏರೋಕೆ ಹೋಗುತ್ತೆ, ಕಬ್ಬಿಣಕ್ಕೆ ಅಷ್ಟು ಹಿಡಿಯೋ ಜಾಗ ಇಲ್ಲ, ಪ್ರೈಮರಿ ಕರೆಂಟು ದಿಢೀರ್ ಏರಿ ಎಂಸಿಬಿ ಬೀಳುತ್ತೆ. ವೋಲ್ಟೇಜ್ ಶಿಖರದಲ್ಲಿರುವಾಗ ಆನ್ ಮಾಡಿದರೆ ಮೆತ್ತಗೆ ಶುರುವಾಗುತ್ತೆ. ಸೊನ್ನೆ ಕಂಡ ಮೇಲೆ ಐದು ಮಿಲಿಸೆಕೆಂಡು ಕಾಯೋದು, ಅಷ್ಟೇ: ಕೋಡಿನಲ್ಲಿ ಒಂದು ಸಾಲು.

ಈ ಒಂದು ಸಾಲಿನ ಹಿಂದಿರೋದು ಬಿಇ ಎರಡನೇ ವರ್ಷದ ಪಾಠ. ನಾವು ಓದಿದ್ದೇ. ಓಪನ್ ಸರ್ಕ್ಯೂಟ್ ಟೆಸ್ಟು, ಶಾರ್ಟ್ ಸರ್ಕ್ಯೂಟ್ ಟೆಸ್ಟು, ಸಂಪ್ನರ್ ಟೆಸ್ಟು. ಸೀನಿಯರ್ ರೆಕಾರ್ಡಿನಿಂದ ರೀಡಿಂಗ್ ಇಳಿಸಿಕೊಂಡು ಗ್ರಾಫ್ ಎಳೆದು ಮಾರ್ಕ್ಸ್ ತಗೊಂಡು ಬಂದ ಒಂದು ಇಡೀ ಪೀಳಿಗೆ ಇದೆ. ಫಸ್ಟ್ ಇಯರ್ ವರ್ಕ್‌ಶಾಪಿನಲ್ಲಿ ಹ್ಯಾಕ್ಸಾ ಹಿಡಿದು ಕಬ್ಬಿಣ ಕುಯ್ದು ಅರ ಉಜ್ಜಿದ್ದೇ ಕೊನೆ. ಅದಾದ ಮೇಲೆ ಕ್ಯಾಂಪಸ್ ಇಂಟರ್‌ವ್ಯೂ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಲ್ಲ ಒಂದೇ ಬಸ್ಸಿಗೆ ಹತ್ತಿದ್ವಿ. ಬಸ್ಸಿನ ಬಗ್ಗೆ ತಕರಾರಿಲ್ಲ, ಅದರ ಸಂಬಳದಲ್ಲೇ ಊರಿನ ಮನೆಗೆ ತಾರಸಿ ಬಂದಿದ್ದು. ಆದರೆ ಆಯುಧ ಪೂಜೆ ದಿನ ಆಫೀಸಲ್ಲಿ ಮಾನಿಟರಿಗೆ ಕುಂಕುಮ ಇಡುವಾಗ ನನಗೆ ನಗು ಬರುತ್ತೆ. ಊರಲ್ಲಿ ಆ ದಿನ ನೇಗಿಲ ಗುಳ, ಕುಡುಗೋಲು, ಸ್ಪ್ಯಾನರ್ ಸೆಟ್ಟು, ವೆಲ್ಡಿಂಗ್ ಹೋಲ್ಡರ್ ಎಲ್ಲ ಸಾಲಾಗಿ ಕೂರುತ್ತೆ. ನಾವು ಪೂಜೆ ಮಾಡೋ ಆಯುಧವನ್ನ ಬಿಚ್ಚಿದರೆ ವಾರಂಟಿ ಹೋಗುತ್ತೆ.

"ಈಗ ಚೀನಾ ಮಾಡಿದ ಪುಟ್ಟ ಸ್ಪಾಟ್ ವೆಲ್ಡರ್ ಎರಡು ಸಾವಿರದೊಳಗೆ ಸಿಗುತ್ತಲ್ಲ" ಅಂತ ಯಾರೋ ಕೇಳ್ತಿದ್ದೀರ. ಸಿಗುತ್ತೆ. ವರ್ಷಕ್ಕೊಂದು ಪ್ಯಾಕ್ ಮಾಡೋರು ಅದನ್ನೇ ತಗೊಳ್ಳಿ, ಎರಡು ಸಾವಿರ ವೋಲ್ಟಿನ ಸಹವಾಸ ಬೇಡ. ನಾನೇ ಇಬ್ಬರು ಸ್ನೇಹಿತರಿಗೆ ಹಾಗೆ ಹೇಳಿದ್ದೀನಿ. ಅವುಗಳಲ್ಲಿ ಕರೆಂಟು ಕಡಿಯೋದು ಮಾಸ್‌ಫೆಟ್‌ಗಳು. ಅವು ಕೆಡುವಾಗ ಸಾಮಾನ್ಯವಾಗಿ ಶಾರ್ಟ್ ಆಗಿ ಕೆಡುತ್ತವೆ, ಅಂದ್ರೆ ಬೆಸುಗೆ ನಿಲ್ಲೋದೇ ಇಲ್ಲ, ಸೆಲ್ಲು ತೂತು. ಕೊಂಡವನಿಗೆ ಇದು ಯಾಕಾಯ್ತು ಅಂತ ಗೊತ್ತಾಗಲ್ಲ; ಒಂದು ಸ್ಟಾರ್ ಕೊಟ್ಟು ಇನ್ನೊಂದು ಆರ್ಡರ್ ಮಾಡ್ತಾನೆ. ನನ್ನ ತಕರಾರು ಕೊಳ್ಳೋದರ ಬಗ್ಗೆ ಅಲ್ಲ. ಕೊಳ್ಳೋದೊಂದೇ ಬುದ್ಧಿವಂತಿಕೆ, ಮಾಡೋದು ಬಿಡುವಿದ್ದವರ ಹುಚ್ಚು ಅನ್ನೋ ಠೇಂಕಾರದ ಬಗ್ಗೆ.

ಸರ್ಕಾರಕ್ಕೂ ವಿಷಯ ಗೊತ್ತಿಲ್ಲ ಅಂತಲ್ಲ. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 'ರಿಪೇರಿ ಹಕ್ಕು' ಅಂತ ಸಮಿತಿ ಮಾಡಿತು. ಅದು ಆರಿಸಿಕೊಂಡ ಕ್ಷೇತ್ರಗಳಲ್ಲಿ ಮೊಬೈಲು, ವಾಹನಗಳ ಜೊತೆ ಕೃಷಿ ಉಪಕರಣವೂ ಇದೆ. ಅದೇ ವರ್ಷದ ಬ್ಯಾಟರಿ ತ್ಯಾಜ್ಯ ನಿಯಮಗಳು ಸತ್ತ ಬ್ಯಾಟರಿ ವಾಪಸ್ ತಗೊಳ್ಳೋ ಹೊಣೆಯನ್ನ ತಯಾರಕರ ಮೇಲೆ ಹಾಕಿವೆ, ಮರುಬಳಕೆಗೆ ಸಜ್ಜು ಮಾಡೋದನ್ನೂ ಹೇಳಿವೆ. ಚೆನ್ನಾಗಿದೆ. ಆದರೆ ಹಕ್ಕು ಕಾಗದದಲ್ಲಿದ್ದು ಬೆಸೆಯೋ ಸಾಧನ ಹೋಬಳಿಯಲ್ಲಿ ಇಲ್ಲ ಅಂದ್ರೆ ಏನು ಬಂತು? ಹಿಂದೆ ಪ್ರತಿ ಊರಿಗೂ ಒಂದು ಕುಲುಮೆ ಇತ್ತು, ಗುಳ ಸವೆದರೆ ಅಲ್ಲೇ ಕಾಯಿಸಿ ಬಡೀತಿದ್ರು. ಆಮೇಲೆ ಆರ್ಕ್ ವೆಲ್ಡಿಂಗ್ ಶಾಪ್ ಬಂತು, ಟ್ರಾಕ್ಟರ್ ಟ್ರೇಲರ್ ಅಲ್ಲೇ ರಿಪೇರಿ ಆಯ್ತು. ಈಗ ಹೊಲದ ಸಾಮಾನುಗಳು ಒಂದೊಂದಾಗಿ ಬ್ಯಾಟರಿಗೆ ತಿರುಗ್ತಿವೆ: ಸ್ಪ್ರೇಯರು, ಹೆಡ್‌ಲೈಟು, ಹುಲ್ಲು ಕೊಯ್ಯೋ ಮೆಷಿನ್ನು. ಕುಲುಮೆಯ ಜಾಗದಲ್ಲಿ ಇವತ್ತು ಏನಿದೆ? ಕೊರಿಯರ್ ಆಫೀಸು.

ನನ್ನ ಮೆಷಿನ್ ಈಗ ಬೆಂಗಳೂರಲ್ಲಿಲ್ಲ. ಊರಿನ ವೆಲ್ಡಿಂಗ್ ಶಾಪಿನಲ್ಲಿ, ಮರದ ಪೆಟ್ಟಿಗೆಯೊಳಗೆ ಕೂತಿದೆ. ಅಲ್ಲಿಗೆ ಹೋಗುತ್ತೆ ಅಂತ ಗೊತ್ತಿದ್ದರಿಂದ ಟೈಮರಿಗೆ ತಿರುಗಿಸೋ ಗುಂಡಿ ಇಟ್ಟಿದ್ದೆ. ಪಂಪ್‌ಸೆಟ್‌ಗಳೆಲ್ಲ ಓಡುವ ಹೊತ್ತಿನಲ್ಲಿ ಅಲ್ಲಿ ವೋಲ್ಟೇಜ್ 180ಕ್ಕೆ ಇಳಿಯುತ್ತೆ. ಕಾವು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ ಹೋಗೋದರಿಂದ 230ರಲ್ಲಿ ಸಿಗೋದರ ಅರವತ್ತು ಪರ್ಸೆಂಟ್ ಅಷ್ಟೇ ಸಿಗೋದು. ಬೆಸುಗೆ ಕೂತ ಹಾಗೆ ಕಾಣುತ್ತೆ, ಕೂತಿರಲ್ಲ. ಹಾಗಾಗಿ ಪಲ್ಸ್ ಉದ್ದ ಮಾಡಬೇಕು. ಶಾಪಿನ ಹುಡುಗ ಹತ್ತನೇ ಕ್ಲಾಸು, ಐ ಸ್ಕ್ವೇರ್ ಆರ್ ಟಿ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಎರಡೇ ವಾರದಲ್ಲಿ ಅವನು ಗುಂಡಿಯ ಸುತ್ತ ಉಗುರುಬಣ್ಣದಲ್ಲಿ ಮೂರು ಗುರುತು ಹಾಕಿದ್ದಾನೆ: ಬೆಳಗ್ಗೆಗೆ ಒಂದು, ಮೋಟರ್ ಓಡುವಾಗ ಒಂದು, ರಾತ್ರಿಗೆ ಒಂದು. ಮೊನ್ನೆ ಫೋನ್ ಮಾಡಿ, "ಅಣ್ಣ, ತಾಮ್ರದ ಕಡ್ಡಿ ತುದಿ ಸವೀತಾ ಐತೆ. ಎಷ್ಟು ಚೂಪು ಮಾಡ್ಲಿ?" ಅಂತ ಕೇಳಿದ. ಒಂದೂವರೆ ಮಿಲಿಮೀಟರ್ ಚಪ್ಪಟೆ ಇರಲಿ, ಪೂರ್ತಿ ಚೂಪು ಮಾಡಿದ್ರೆ ಪಟ್ಟಿ ತೂತಾಗುತ್ತೆ ಅಂದೆ. ಅವನು ಅಷ್ಟೊತ್ತಿಗೆ ಹಾಗೇ ಮಾಡಿಟ್ಟಿದ್ದನಂತೆ, ಸುಮ್ನೆ ಕೇಳಿದ್ದು.